ಮಂಗಳವಾರ ಹತ್ತೂವರೆಗೆ

ಸೂಜಿ ಇಲ್ಲ ಬಾತಿಷ, ಮೊದಲೇ ಹೇಳಿಬಿಡುತ್ತೇನೆ.
ತಲೆಗೆ ವಯರು ಸಿಕ್ಕಿಸುವುದಿಲ್ಲ, ಯಂತ್ರದೊಳಗೆ ದೂಡುವುದಿಲ್ಲ.
ಒಂದು ಮೇಜು, ಎರಡು ಕುರ್ಚಿ,
ತುದಿಯಲ್ಲಿ ರಬ್ಬರಿಲ್ಲದ ಪೆನ್ಸಿಲು.
ಎದುರಿಗೆ ಸ್ಟಾಪ್‌ವಾಚು ಹಿಡಿದ ಹುಡುಗಿ,
ಪಯ್ಯನ್ನೂರು ಕಡೆಯವಳು, ಕನ್ನಡವನ್ನು
ಚಿಲ್ಲರೆ ಎಣಿಸಿ ಕೊಟ್ಟ ಹಾಗೆ ಆಡುತ್ತಾಳೆ.

ಕನ್ನಡಕ ಮರೆಯಬೇಡ. ತಿಂದು ಹೋಗು.
ಮೂರು ಗಂಟೆ ಹಿಡಿಯುತ್ತದೆ, ನಡುವೆ ಒಂದು ಚಾ.
ಮಾತ್ರೆಯ ಚೀಟಿ ಮಿಸ್ರಿಯಾಳ ಕೈಯಲ್ಲಿರಲಿ.
ಅವಳನ್ನು ಬೇರೆಯೇ ಕರೆದು ಕೇಳುತ್ತಾರೆ:
ಇತ್ತೀಚೆಗೆ ಸಿಟ್ಟು ಜಾಸ್ತಿಯಾ,
ಇಟ್ಟದ್ದು ಎಲ್ಲಿ ಎಂದು ಹುಡುಕುತ್ತಾರಾ.
ಅವಳು ನಿಜವನ್ನೇ ಹೇಳಲಿ, ಬಿಡು.

ಮೊದಲು ಹದಿನೈದು ಶಬ್ದ ಓದುತ್ತಾಳೆ.
ಹಗ್ಗ, ಕೊಡೆ, ನವಿಲು, ಬೀಗ, ಹೀಗೆ,
ಒಂದಕ್ಕೊಂದು ನೆಂಟಸ್ತಿಕೆ ಇಲ್ಲದವು.
ಹೇಳಿ ಎನ್ನುತ್ತಾಳೆ. ಪುನಃ ಓದುತ್ತಾಳೆ. ಪುನಃ ಹೇಳಿ.
ಐದು ಸಲ.
ಆಮೇಲೆ ಬೇರೆ ಏನೇನೋ ಮಾಡಿಸಿ, ನೀನು ಮರೆತೆ ಎನ್ನುವಾಗ
ಅದನ್ನೇ ಕೇಳುತ್ತಾಳೆ. ಅಲ್ಲಿ ಬೆವರುತ್ತದೆ ಮಾರಾಯ.
ನನಗೆ ಕೊನೆಯವರೆಗೂ ಬೀಗ ಸಿಗಲಿಲ್ಲ.

ಒಂದು ನಿಮಿಷದಲ್ಲಿ ಎಷ್ಟು ಹಣ್ಣು ಹೇಳುತ್ತೀರಿ, ಎಂದಳು.
ಹಲಸು ಎಂದೆ. ಪೆಲಕಾಯಿ ಎಂದೆ. ಚಕ್ಕ ಎಂದೆ.
ಪೆನ್ನು ನಿಂತಿತು. ‘ಐತಪ್ಪಣ್ಣ, ಇದು ಮೂರೂ ಒಂದೇ ಅಲ್ಲವಾ?’
ಒಂದೇ ಎಂದು ಯಾರು ಹೇಳಿದ್ದು?
ಒಂದು ತಲಪಾಡಿಯಲ್ಲಿ ಹತ್ತಿದ್ದು, ಒಂದು ಉಪ್ಪಳದಲ್ಲಿ,
ಟಿಕೇಟು ಮೂರು ಹರಿಯಲೇಬೇಕು.
ನಕ್ಕಳು. ಒಂದೇ ಎಂದು ಬರೆದುಕೊಂಡಳು.

ಮನಸ್ಸಿನೊಳಗೆ ಯಾವ ಭಾಷೆಯಲ್ಲಿ ಎಣಿಸುವುದು ಎಂದೂ ಕೇಳುತ್ತಾಳೆ,
ಕಾಗದದಲ್ಲಿ ಒಂದೇ ಚೌಕ ಉಂಟು.
ಚಿಲ್ಲರೆ ಮಲಯಾಳದಲ್ಲಿ, ಬೈಗಳು ತುಳುವಿನಲ್ಲಿ,
ಮಗ್ಗಿ ಕನ್ನಡದಲ್ಲಿ,
ಹದಿನೇಳರ ಮಗ್ಗಿ ಯಾವುದರಲ್ಲೂ ಇಲ್ಲ.

ಅಂಕಿಗಳನ್ನು ಹಿಂದಿನಿಂದ ಹೇಳಿಸುತ್ತಾಳೆ.
ಚೌಕಿ, ಮೊಗ್ರಾಲ್ ಪುತ್ತೂರು, ಮೊಗ್ರಾಲ್, ಕುಂಬಳೆ,
ಆರಿಕ್ಕಾಡಿ, ಶಿರಿಯ, ಬಂದ್ಯೋಡು...
ಊರುಗಳನ್ನೇ ದಿನಕ್ಕೆ ಆರು ಸಲ ತಿರುವಿ ಹೇಳಿದವರು ನಾವು.
ಅದನ್ನು ಅವಳು ಕೇಳುವುದಿಲ್ಲ.

ಗಡಿಯಾರ ಬಿಡಿಸಲು ಹೇಳುತ್ತಾಳೆ. ವೃತ್ತ, ಅಂಕಿ, ಮುಳ್ಳು.
ಅಂಕಿಗಳೆಲ್ಲ ಒಂದೇ ಬದಿಗೆ ನೂಕಿಕೊಂಡು ನಿಂತರೆ,
ಬಾಗಿಲಿಗೆ ಅಂಟಿದ ಕಾಲೇಜು ಮಕ್ಕಳ ಹಾಗೆ,
ಗಾಬರಿಯಾಗಬೇಡ.
‘ಒಳಗೆ ಹೋಗಿ, ಆಚೆ ಜಾಗ ಉಂಟು’ ಎಂದು ಮೆಲ್ಲ ಹೇಳಿ ನೋಡು.

ಪಾಸು ಫೇಲು ಇಲ್ಲ ಎನ್ನುತ್ತಾಳೆ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.
ಎರಡು ವಾರ ಕಳೆದು ಕೂರಿಸಿ, ಓದಿ, ಅರ್ಥ ಹೇಳಿದಳು:
ಕಂಡಕ್ಟರನ ಚೀಲ ಇನ್ನು ಬೇಡ.
ಈಗ ಹೊಸಂಗಡಿಯಲ್ಲಿ ಲಾಟರಿ ಮಾರುತ್ತೇನಲ್ಲ,
ಅಂಕಿ ಅಚ್ಚಾಗಿಯೇ ಬರುತ್ತದೆ, ನೆನಪಿಡುವ ಕೆಲಸವಿಲ್ಲ.
ನಿನ್ನ ಸ್ಟೇರಿಂಗಿಗೆ ಏನು ಬರೆಯುತ್ತಾಳೋ
ಅದು ನನಗೆ ಗೊತ್ತಿಲ್ಲ.

ಬಿದ್ದ ದಿನದ ಬಗ್ಗೆಯೂ ಕೇಳಿದ್ದಳು.
ಕುಂಬಳೆಯಲ್ಲಿ ಡಬಲ್ ಬೆಲ್ ಹೊಡೆದದ್ದು ಉಂಟು.
ಆಮೇಲೆ ಆಸ್ಪತ್ರೆಯ ಫ್ಯಾನು ಉಂಟು.
ನಡುವೆ ಮೊಗ್ರಾಲಿನ ಸೇತುವೆ ಇಲ್ಲ, ನಾಯಿ ಇಲ್ಲ,
ನಿನ್ನ ಬ್ರೇಕಿಲ್ಲ.
ನಾಯಿ ಎಂದು ನೀನು ಹೇಳಿದ್ದು.
ಒಂಬತ್ತು ವರ್ಷ, ಪ್ರತಿ ಪೆರ್ನಾಲಿಗೆ
ಬಿರಿಯಾನಿಯ ಡಬ್ಬಿ ಹಿಡಿದು, ಬಾಗಿಲಲ್ಲೇ ನಿಂತು ಹೇಳಿದ್ದು.
ನನ್ನ ಫೈಲಿನಲ್ಲಿ ಅದು ಖಾಲಿ ಗೆರೆ ಬಾತಿಷ.
ನಾನು ಕ್ಷಮಿಸಿದ್ದಲ್ಲ, ನನ್ನ ಹತ್ತಿರ ಅದು ಇಲ್ಲವೇ ಇಲ್ಲ.

ಏನೇನು ಮರೆಯುತ್ತದೆ ಎಂದು ಕೇಳಿದರೆ
ಹೆಸರು ಹೇಳು, ಕೀಲಿಕೈ ಹೇಳು,
ಮನೆಯ ತಿರುವು ತಪ್ಪಿದ್ದನ್ನು ನಾಚದೆ ಹೇಳು.
ಆ ಬ್ರೇಕೂ ಮರೆಯುತ್ತಾ ಬಂದಿದ್ದರೆ
ಅದನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಡ.

ಹಾಂ, ಬೀಗ.
ವಾಪಸು ಬರುವಾಗ ಚೌಕಿ ದಾಟಿದ ಮೇಲೆ ಸಿಕ್ಕಿತು.
ಬಸ್ಸಿನೊಳಗೆ ಜೋರಾಗಿ ಹೇಳಿಬಿಟ್ಟೆ: ಬೀಗ!
ಕಂಡಕ್ಟರ್ ಹುಡುಗ ಟಿಕೇಟಿನ ಮಿಶಿನು ಹಿಡಿದು ಬಗ್ಗಿದ,
‘ಅದು ಎಲ್ಲಿ ಬರುವುದಣ್ಣ?’